ಉಳಿದುಹೋದ ಸ್ಕ್ರೂ

ಗೋಡೆ ಗಡಿಯಾರವನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ, ಮೊಳೆಗೆ ತೂಗುಹಾಕಿ ಕೈ ಕೊಡವಿಕೊಂಡ ಮೇಲೆ ಯಜಮಾನರಿಗೆ ಮೇಜಿನ ಮೇಲೊಂದು ಸ್ಕ್ರೂ ಕಾಣಿಸಿತು. ಗಡಿಯಾರವೋ ಟಿಕ್ ಟಿಕ್ ಎಂದು ಓಡುತ್ತಲೇ ಇದೆ. ಮೊದಲಿಗಿಂತ ಹುರುಪಾಗಿಯೇ ಓಡುತ್ತಿದೆ ಎನ್ನಿ.

"ಒಂದು ಸ್ಕ್ರೂ ಉಳಿದುಬಿಟ್ಟಿದೆ ಕಣೇ."

"ಗಡಿಯಾರ ನಡೀತಿದೆ ತಾನೇ? ಹಾಗಿದ್ರೆ ಅದು ಬೇಡದ್ದು, ಬಿಸಾಕಿ," ಎಂದಳು ಹೆಂಡತಿ, ಬಟ್ಟೆ ಮಡಚುತ್ತ.

ಬೇಡದ್ದು ಎಂಬ ಮಾತು ಯಜಮಾನರ ಕಿವಿಗೆ ಕಾದ ಸೀಸದಂತೆ ಬಿತ್ತು. ಅವರು ನಿವೃತ್ತರಾಗಿ ಹತ್ತೊಂಬತ್ತು ದಿನ. ಮೂವತ್ತನಾಲ್ಕು ವರ್ಷ ಕಚೇರಿಯಿಂದ ಹೊರಹೋಗುವ ಪ್ರತಿ ಕಾಗದಕ್ಕೂ ಮೊಹರು ಒತ್ತಿದವರು. ಇಡೀ ಕಟ್ಟಡ ನಿಂತಿರುವುದೇ ಆ ಮೊಹರಿನ ಮೇಲೆ ಎಂದು ನಂಬಿದ್ದವರು. ನಿನ್ನೆ ತಡೆಯಲಾರದೆ ಫೋನ್ ಮಾಡಿ, ಏನಾದರೂ ತೊಂದರೆಯಾಗುತ್ತಿದೆಯೇ ಎಂದು ಕೇಳಿದ್ದರು. ಅವರ ಕುರ್ಚಿಯಲ್ಲಿ ಕೂತ ಹೊಸಬ, "ಏನೂ ಇಲ್ಲ ಸಾರ್, ಎಲ್ಲಾ ಆರಾಮಾಗಿ ನಡೀತಿದೆ," ಎಂದುಬಿಟ್ಟಿದ್ದ. ಪಾಪ, ಒಳ್ಳೆಯ ಮಾತೇ ಆಡಿದ್ದ. ಇವರಿಗೆ ಮಾತ್ರ ಊಟ ಸೇರಿರಲಿಲ್ಲ.

"ಅಲ್ಲ ಕಣೇ, ಇದನ್ನ ಮಾಡಿದವನು ಸುಮ್ಮಸುಮ್ಮನೆ ಒಂದು ಸ್ಕ್ರೂ ಹಾಕ್ತಾನಾ? ಅದು ಹುಟ್ಟಿದ್ದಕ್ಕೆ ಏನಾದ್ರೂ ಅರ್ಥ ಇರಬೇಕೋ ಬೇಡವೋ?"

"ಸ್ಕ್ರೂ ವಿಷಯ ಮಾತಾಡ್ತಿದ್ದೀರೋ, ನಿಮ್ಮ ವಿಷಯವೋ?"

"ಎರಡೂ ಒಂದೇ ಅಂದ್ಕೋ."

"ನಿಮ್ಮ ಕೋಳಿ ಕೂಗದಿದ್ರೂ ಅಲ್ಲಿ ಬೆಳಗಾಗುತ್ತೆ ರೀ. ಅದಕ್ಕೆಲ್ಲ ಮುಖ ಊದಿಸ್ಕೋಬೇಡಿ."

ಯಜಮಾನರು ಬಿಡುವ ಆಸಾಮಿಯಲ್ಲ. ಮಧ್ಯಾಹ್ನದೊಳಗೆ ಗಡಿಯಾರವನ್ನು ಇನ್ನೆರಡು ಸಲ ಇಳಿಸಿ, ಭೂತಗನ್ನಡಿ ಹಿಡಿದು ಅದರ ಹೊಟ್ಟೆಯೊಳಗೆಲ್ಲ ಹುಡುಕಿದರು. ಒಳಗೆ ಒಂದೂ ತೂತು ಖಾಲಿ ಇರಲಿಲ್ಲ. ಕೊನೆಗೆ ಅದನ್ನು ಗೋಡೆಗೆ ಹಾಕಿ, ಸ್ಕ್ರೂವನ್ನು ಅಂಗೈಯಲ್ಲಿಟ್ಟುಕೊಂಡು, ತಮ್ಮಂಥದೇ ಇನ್ನೊಂದು ಜೀವ ಸಿಕ್ಕಿತೆಂಬಂತೆ ನೋಡುತ್ತ ಕುಳಿತರು. ನಿಜಕ್ಕೂ ಅವರಿಗೆ ಅಳು ಬಂದಿತ್ತು.

ಆಗ ಗಡಿಯಾರ ಧಡ್ ಎಂದು ಕೆಳಕ್ಕೆ ಬಿತ್ತು. ಗಾಜು ಕೋಣೆಯ ತುಂಬ ಚೆಲ್ಲಿತು. ಹೆಂಡತಿ ಓಡಿಬಂದಳು. ನೋಡಿದರೆ ಯಜಮಾನರು ಮೊಣಕಾಲೂರಿ, ಬಿದ್ದ ಗಡಿಯಾರದ ಬೆನ್ನಿಗೆ ಜೋತುಬಿದ್ದಿದ್ದ ಕೊಕ್ಕೆಯ ತೂತಿಗೆ ಸ್ಕ್ರೂ ಹಿಡಿದಿದ್ದಾರೆ. ಅದು ಹೇಳಿ ಮಾಡಿಸಿದಂತೆ ಕೂತಿದೆ. ಅವರ ಮುಖ ಊರಗಲ ಆಗಿದೆ.

"ನೋಡಿದ್ಯಾ? ಬೇಕಾಗಿತ್ತು ಕಣೇ ಇದು. ಇಡೀ ಗಡಿಯಾರಾನ ಇದೇ ಹಿಡ್ಕೊಂಡಿತ್ತು. ಇರೋವರೆಗೂ ಯಾರಿಗೂ ಗೊತ್ತೇ ಆಗ್ಲಿಲ್ಲ."

ಆಕೆ ಗಾಜಿನ ಚೂರುಗಳನ್ನು ನೋಡಿದಳು, ಗಂಡನನ್ನು ನೋಡಿದಳು.

"ಸರಿ, ಬೇಕಾಗಿತ್ತು. ಈಗ ಕಚೇರಿನೂ ಬೀಳಲಿ ಅಂತ ಕಾಯ್ತಾ ಕೂರಬೇಡಿ. ಹೋಗಿ ಪೊರಕೆ ತನ್ನಿ."

ಯಜಮಾನರು ಸ್ಕ್ರೂವನ್ನು ಜೋಬಿಗಿಳಿಸಿ, ಎದೆಯುಬ್ಬಿಸಿಕೊಂಡು ಒಳಕ್ಕೆ ನಡೆದರು. ಸ್ವಲ್ಪ ಹೊತ್ತು ಅಲ್ಲಿ ಬಾಗಿಲುಗಳನ್ನು ತೆಗೆದು ಮುಚ್ಚುವ ಸದ್ದಾಯಿತು. ಆಮೇಲೆ ಅವರ ದನಿ ಮೆಲ್ಲಗೆ ಹೊರಬಂತು:

"ಏನೇ... ನಮ್ಮನೇಲಿ ಪೊರಕೆ ಎಲ್ಲಿರುತ್ತೆ?"