ಪ್ರಧಾನಿಗೆ ಗುಂಡು ಬಿದ್ದ ದಿನದ ರಜೆ

ಒಣಮೀನಿನ ವಾಸನೆ ಬಂದರೆ ನನಗೆ ಈಗಲೂ ಆ ರಜೆಯೇ ನೆನಪಾಗುತ್ತದೆ.

ದಿಲ್ಲಿಯಲ್ಲಿ ಪ್ರಧಾನಿಗೆ ಗುಂಡು ಹೊಡೆದರೆಂದು ರೇಡಿಯೋದಲ್ಲಿ ಬಂದಿತ್ತು; ಮಾಸ್ತರರು ಮಧ್ಯಾಹ್ನವೇ ಶಾಲೆ ಬಿಟ್ಟರು. ಕುಣಿಯುತ್ತಾ ಬಂದರೆ, ಬಾಡ ಊರಿನ ನಮ್ಮ ಮನೆ ಮುಂದೆ ಕೇರಿಯವರೆಲ್ಲ ಸೇರಿದ್ದರು. ಅಮ್ಮ ಗೋಡೆಗೆ ಒರಗಿ ಅಳುತ್ತಾ ಕೂತಿದ್ದಳು. ಅಂಗಳದಲ್ಲಿ ಒಣಗಲು ಹರವಿದ್ದ ಮೀನನ್ನು ಕಾಗೆಗಳು ಎಳೆದಾಡುತ್ತಿದ್ದವು, ಯಾರೂ ಓಡಿಸುತ್ತಿರಲಿಲ್ಲ. ಪ್ರಧಾನಿಗಾಗಿ ನಮ್ಮ ಮನೆಯಲ್ಲೂ ಅಳುತ್ತಾರಲ್ಲ ಎಂದು ನನಗೆ ಹೆಮ್ಮೆಯೇ ಆಯಿತು.

"ನಂಗೂ ಗೊತ್ತಾತು ಅಜ್ಜಿ, ರೇಡಿಯೋದಲ್ಲಿ ಹೇಳ್ದ್ರಂತೆ," ಎಂದೆ.

ಅಜ್ಜಿ ಥಟ್ಟನೆ ನನ್ನ ರಟ್ಟೆ ಹಿಡಿದಳು. ಅವಳ ಅಂಗೈ ಉಪ್ಪಿನಿಂದ ತರಿತರಿಯಾಗಿತ್ತು.

"ಎಂತ ಹೇಳ್ದ್ರು ಮಗಾ? ಅಪ್ಪನ ದೋಣಿ ಸಿಕ್ತಂತಾ?"

ಇಲ್ಲ ಎಂದೆ. ಆಮೇಲೆ ಕೋಲು ತೆಗೆದುಕೊಂಡು ಕಾಗೆ ಓಡಿಸಲು ಹೋದೆ.