ಯಾವ ದಾರದಲ್ಲಿ ಕಟ್ಟಿದ್ರಿ?

“ಯಾವ ದಾರದಲ್ಲಿ ಕಟ್ಟಿದ್ರಿ ಡಾಕ್ಟ್ರೇ? ಹತ್ತಿ ದಾರವೋ, ನೈಲಾನೋ?”

ಟೈಲರಮ್ಮ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದಳು. ಹಿಂದೆ ಬಂದ ಅವಳ ಗಂಡ, ಊರಿನ ಅರ್ಧ ತಲೆಗಳನ್ನು ಕೈಯಲ್ಲಿಟ್ಟುಕೊಂಡಿದ್ದ ಕ್ಷೌರಿಕ, ಬಾಗಿಲಿಗೇ ಅಂಟಿಕೊಂಡು ನಿಂತ. ಎಂಟು ವರ್ಷದ ಹಿಂದೆ ಅವಳಿಗೆ ಮಕ್ಕಳಾಗದ ಆಪರೇಷನ್ ಮಾಡಿದ್ದವರು ಇದೇ ಡಾಕ್ಟರಮ್ಮ. ಈಗ ಮುಟ್ಟಿನ ದಿನ ದಾಟಿ ಇಪ್ಪತ್ತೊಂದು ದಿನವಾಗಿತ್ತು. ಅಷ್ಟು ದಿನವೂ ಟೈಲರಮ್ಮ ನೋಡಿದ ನೋಟಕ್ಕೆ ಮನೆಯ ಕ್ಯಾಲೆಂಡರಿನ ಅಂಕಿಗಳು ಸವೆದು, ಏಳು ಯಾವುದು ಒಂದು ಯಾವುದು ಗೊತ್ತಾಗದ ಹಾಗಾಗಿದ್ದವು.

ಅವಳು ಹಾಕಿದ ಗಂಟಿನ ಬಗ್ಗೆ ಎರಡು ಮಾತಿಲ್ಲ. ಅವಳು ಹೊಲಿದ ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾಗಿ, ಆ ಬಟ್ಟೆಯೂ ಮಣ್ಣಾಗಿ ಹೋದ ಮೇಲೆ ಗುಂಡಿಗಳು ಮಾತ್ರ ಗಾಳಿಯಲ್ಲಿ ತಮ್ಮ ತಮ್ಮ ಜಾಗ ಬಿಡದೆ ನಿಂತಿರುತ್ತಿದ್ದವು. ಇಂಥವಳಿಗೆ ಬೇರೆಯವರು ಹಾಕಿದ ಗಂಟಿನ ಮೇಲೆ ಮೂರು ಕಾಸಿನ ನಂಬಿಕೆ ಬಂದೀತು ಹೇಗೆ? ಅದೂ ಜೀವದ ಪ್ರಶ್ನೆ. ಎರಡನೆಯ ಹೆರಿಗೆಯಲ್ಲಿ ಅವಳು ಸಾವಿನ ಹೊಸ್ತಿಲು ತುಳಿದು ವಾಪಸು ಬಂದಿದ್ದಳು. ಇನ್ನೊಂದು ಬಸಿರನ್ನು ಈ ಮೈ ತಡೆಯುವುದಿಲ್ಲ ಎಂದು ಡಾಕ್ಟರಮ್ಮ ಆಗಲೇ ಖಡಾಖಂಡಿತವಾಗಿ ಹೇಳಿದ್ದರು.

“ಹೋದ ತಿಂಗಳು ಹೊಲಿಗೆ ಮೆಷಿನ್ನನ್ನ ಒಬ್ಬಳೇ ಎತ್ತಿದೆ. ಒಳಗೆ ಟಕ್ ಅಂತು. ಗಂಟು ಬಿಚ್ಚಿಕೊಂಡ ಸದ್ದು ನಂಗೆ ಗೊತ್ತಾಗಲ್ವಾ?”

“ಅದು ನಿನ್ನ ಸೊಂಟದ ಸದ್ದು ತಾಯಿ. ನಾನೇನು ಬರೀ ಗಂಟು ಹಾಕಿ ಕಳಿಸಿದ್ನಾ? ಎರಡೂ ಕಡೆ ನಾಳ ಕಟ್ಟಿ, ನಡುವಿನ ತುಂಡು ಕತ್ತರಿಸಿ ತೆಗೆದಿದೀನಿ. ಭಾರ ಎತ್ತಿದ್ರೆ ಬಿಚ್ಚೋದಕ್ಕೆ ಅದೇನು ಪೈಜಾಮದ ಲಾಡಿನಾ?”

“ಕತ್ತರಿಸಿದ್ದು ಕೂಡಿಕೊಳ್ಳಬಾರದು ಅಂತ ಇದೆಯಾ? ದಿನಾ ಕತ್ತರಿಸಿದ್ದನ್ನ ಕೂಡಿಸಿಯೇ ನಾನು ಹೊಟ್ಟೆ ಹೊರೆಯೋದು!”

ಡಾಕ್ಟರಮ್ಮ ಈ ಸಲ ನಗಲಿಲ್ಲ. “ಸುಳ್ಳು ಹೇಳಲ್ಲ. ಸಾವಿರಕ್ಕೆ ನಾಲ್ಕೈದು ಜನಕ್ಕೆ, ವರ್ಷಗಟ್ಟಲೆ ಆದ್ಮೇಲೂ, ಹಾಗೆ ಬಸಿರು ನಿಂತಿದ್ದುಂಟು. ನಿಂತರೆ ಅದು ಗರ್ಭಕೋಶ ಬಿಟ್ಟು ನಾಳದಲ್ಲೇ ಬೆಳೀಬಹುದು. ನಾಳ ಒಡೆದ್ರೆ ಜೀವಕ್ಕೇ ಸಂಚಕಾರ. ಆಪರೇಷನ್ ಆದವಳಿಗೆ ಮುಟ್ಟು ತಪ್ಪಿದ್ರೆ ಓಡಿ ಬರಬೇಕು. ಇಷ್ಟು ದಿನ ಏನ್ ಮಾಡ್ತಿದ್ದೆ?”

“ಯೂನಿಫಾರಂ ಹೊಲೀತಿದ್ದೆ,” ಎಂದಳು ಟೈಲರಮ್ಮ. ಅವಳ ದನಿ ಸೂಜಿಯ ಕಣ್ಣಿನಲ್ಲಿ ನುಸುಳುವಷ್ಟು ಸಣ್ಣಗಾಗಿತ್ತು.

ಸೀಸೆ ಕೊಟ್ಟರು, ಪರೀಕ್ಷೆಗೆ ಕಳಿಸಿದರು, ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಕಾದದ್ದು ಐದೇ ನಿಮಿಷವಂತೆ. ಗೋಡೆ ಗಡಿಯಾರ ಹಾಗೆ ಹೇಳಿತು, ಅಷ್ಟೆ. ಕ್ಷೌರಿಕನ ಗಡ್ಡ ಅಷ್ಟರಲ್ಲಿ ಎರಡು ಬೆರಳು ಬೆಳೆದಿತ್ತು.

“ಏನೂ ಆಗಿರಲ್ಲ ಬಿಡೇ,” ಎಂದ ಅವನು ನಲವತ್ತನೆಯ ಸಲ.

“ಆಗೋದಾದ್ರೂ ನಿಮಗಂತೂ ಆಗಲ್ಲ, ಸುಮ್ಮನಿರಿ.”

ಒಳಗೆ ಕರೆದರು. ಪರೀಕ್ಷೆಯ ಪಟ್ಟಿಯಲ್ಲಿ ಒಂದೇ ಗೆರೆ. ಡಾಕ್ಟರಮ್ಮ ಅಷ್ಟಕ್ಕೇ ಬಿಡದೆ ಹೊಟ್ಟೆಯ ಸ್ಕ್ಯಾನನ್ನೂ ಮಾಡಿ, ಕೈ ಒರೆಸಿಕೊಂಡು ಹೇಳಿದರು: “ಬಸಿರಿಲ್ಲ. ನಾಳದಲ್ಲೂ ಇಲ್ಲ, ಎಲ್ಲೂ ಇಲ್ಲ. ನಲವತ್ತೆರಡು ವರ್ಷ ನಿಂಗೆ, ಮೇಲೆ ನಿದ್ದೆಗೆಟ್ಟು ದುಡಿತ. ಮುಟ್ಟು ಹಿಂದೆಮುಂದೆ ಆಗೋ ಕಾಲ ಇದು. ಇನ್ನೊಂದು ವಾರ ನೋಡಿ, ಬರದಿದ್ರೆ ಮತ್ತೆ ಬಾ.”

ಟೈಲರಮ್ಮ ಬಿಟ್ಟ ಉಸಿರಿಗೆ ಮೇಜಿನ ಮೇಲಿನ ಚೀಟಿಗಳು ಹಾರಿದವು, ಕಿಟಕಿಯ ಪರದೆ ಹೊರಗೆ ಹೋಗಿ ಒಳಗೆ ಬಂತು, ಪಕ್ಕದ ಕೋಣೆಯಲ್ಲಿ ಯಾರೋ ಬಾಗಿಲು ಹಾಕಿಕೊಂಡರು. ಅವಳು ಅತ್ತಳು, ನಕ್ಕಳು, ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ನಿಮ್ಮ ಕೈ ಗಟ್ಟಿ ಡಾಕ್ಟ್ರೇ. ಆಸ್ಪತ್ರೆ ಬೇಜಾರಾದ್ರೆ ನಮ್ಮಂಗಡಿಗೆ ಬನ್ನಿ, ಗುಂಡಿ ಹಾಕೋ ಕೆಲಸ ಕೊಡ್ತೀನಿ.”

ಆಗ ಕ್ಷೌರಿಕ ಬಾಗಿಲು ಬಿಟ್ಟು ಮುಂದೆ ಬಂದ. “ಡಾಕ್ಟ್ರೇ, ಇವಳಿಗೆ ಇನ್ನು ಈ ಹೆದರಿಕೆಯೇ ಬೇಡ. ಗಂಡಸರಿಗೂ ಒಂದು ಆಪರೇಷನ್ ಇದೆಯಲ್ಲ, ನಂಗೂ ಅದನ್ನ ಮಾಡಿಬಿಡಿ.”

ಮದುವೆಯಾದಾಗಿನಿಂದ ಟೈಲರಮ್ಮ ಗಂಡನನ್ನು ಅಷ್ಟು ಅಕ್ಕರೆಯಿಂದ ನೋಡಿರಲಿಲ್ಲ. “ನೀವಾ? ಅಯ್ಯೋ, ನಿಮಗೆ ತುಂಬ ಕಷ್ಟ ಆಗಲ್ವಾ?”

“ಕಷ್ಟ ಏನು ಬಂತು!” ಡಾಕ್ಟರಮ್ಮ ಚೀಟಿ ಬರೆಯುತ್ತ ತಲೆ ಎತ್ತದೆಯೇ ಹೇಳಿದರು. “ಹೊಟ್ಟೆ ಕೊಯ್ಯೋ ಮಾತೇ ಇಲ್ಲ. ಕಾಲು ಗಂಟೆ ಕೆಲಸ, ಅವತ್ತೇ ಮನೆಗೆ. ನಿಂದಕ್ಕಿಂತ ಎಷ್ಟೋ ಸುಲಭ. ಎಂಟು ವರ್ಷದ ಹಿಂದೆ, ಎರಡನೇ ಹೆರಿಗೆ ಆಗಿ ನೀನು ವಾರ್ಡಿನಲ್ಲಿ ಕಣ್ಣು ಬಿಡದೆ ಮಲಗಿದ್ದಾಗ, ಇವರಿಗೆ ಇದನ್ನೇ ಹೇಳಿದ್ದೆ. ‘ಮನೇಲಿ ಕೇಳಿಕೊಂಡು ಬರ್ತೀನಿ’ ಅಂತ ಹೋದ್ರು.”

ಟೈಲರಮ್ಮನ ಮುಖದಲ್ಲಿ ನಗು ಇನ್ನೂ ಹಾಗೇ ಇತ್ತು. “ಮನೇಲಿ ಯಾರನ್ನ ಕೇಳಿದ್ರಿ?” ಎಂದಳು.

ದಿನಕ್ಕೆ ನೂರು ತಲೆ ಹಿಡಿದು ತನಗೆ ಬೇಕಾದ ಕಡೆ ತಿರುಗಿಸುವವನಿಗೆ, ತನ್ನ ಒಂದೇ ತಲೆಯನ್ನು ಯಾವ ಕಡೆ ತಿರುಗಿಸಬೇಕೋ ತಿಳಿಯಲಿಲ್ಲ.