ಗುಂಡಿಗೆ ಒಂದು ಕೊಡ ನೀರು

ಕನಸುಗಳು ತಂತಿಯಲ್ಲಿ ಹರಿದುಬರುವ ಊರದು. ಕೆಂಪು ತಂತಿ ಕನಸು ತರುತ್ತಿತ್ತು, ಕಪ್ಪು ಅದನ್ನು ಹಿಂದಕ್ಕೊಯ್ಯುತ್ತಿತ್ತು. ಕೆಟ್ಟ ಕನಸನ್ನು ಮಾತ್ರ ಹಸಿರು ತಂತಿ ಅಂಗಳದ ಗುಂಡಿಯ ಮಣ್ಣಿಗೆ ಇಳಿಸಿಬಿಡುತ್ತಿತ್ತು. ತುಂಗವ್ವನ ಮನೆಯ ತಂತಿಪೆಟ್ಟಿಗೆ ತೆರೆದ ವಾಯರಿಂಗಿನ ಇಮಾಂಬಿ ಹುಬ್ಬೇರಿಸಿದಳು.

“ಹಸಿರು ಯಾರ ಬಿಚ್ಚಿದ್ರ ಬೇ?”

“ನಾನ. ಜ್ವರದಾಗ ತೀರಿದ ಮಗಳು ಕೆಟ್ಟ ಕನಸಿನ್ಯಾಗಷ್ಟ ಬರ್ತಾಳ. ‘ಅವ್ವಾ, ನೀರು’ ಅಂತಾಳ. ತಂಬಿಗಿ ಮುಟ್ಟಸೂದ್ರಾಗ ಎಚ್ಚರಾಗಿಬಿಡತೈತಿ.”

“ಹಿಂಗ ನಿದ್ದಿಗೆಟ್ರ ನೀನೂ ಹೋಗ್ತಿ, ಹುಚ್ಚಿ. ಕಟ್ಟತೀನಿ. ಗುಂಡಿ ಒಣಗಿಸಬ್ಯಾಡ, ಒಣ ಮಣ್ಣಿಗೆ ಕನಸು ಇಳಿಯಂಗಿಲ್ಲ. ದಿನಾ ಒಂದು ಕೊಡ ನೀರು ಹಾಕು.”

ಹಸಿರು ಸೇರಿದೊಡನೆ ತಂತಿ ಸಣ್ಣಗೆ ಗುನುಗಿತು. ಮಗಳು ಮಣ್ಣಿಗೆ ಇಳಿಯುತ್ತಿದ್ದಳು. ತುಂಗವ್ವ ಅಳುತ್ತಲೇ ಕೊಡ ಹೊತ್ತು ತಂದು ಗುಂಡಿಗೆ ಬಗ್ಗಿಸಿದಳು. ಮಣ್ಣು ಗಟಗಟನೆ ಕುಡಿಯಿತು.

“ಸಾವಕಾಶ, ಕೂಸ,” ಎಂದಳು, “ಇನ್ನೊಂದ ಕೊಡ ತರ್ತೀನಿ.”